ಮೂರು ಗಂಟೆಯ ಸಾಕ್ಷಿ

ಬೆಳಿಗ್ಗೆ ಆರಕ್ಕೆ ಬೆರಳ ತುದಿಯಲ್ಲೊಂದು ಕೆಂಪು ಚುಕ್ಕೆ.
ಯಂತ್ರ ಐದು ಎಣಿಸಿತು. ನೂರ ಎಂಬತ್ತಾರು.
ಲಮಾರಾ ಏನೂ ಅನ್ನಲಿಲ್ಲ.
ಬಾಲ್ಕನಿಗೆ ಹೋಗಿ ಹಗ್ಗಕ್ಕೆ ತೂಗುಬಿಟ್ಟ
ಚುರ್ಚ್‌ಖೇಲಾಗಳನ್ನು ಎಣಿಸಿ ಬಂದಳು,
ದ್ರಾಕ್ಷಿರಸದ ಗಂಜಿಯಲ್ಲಿ ಅದ್ದಿ ಒಣಗಿಸಿದ ಅಕ್ರೋಟಿನ ಸರಗಳು.
ನಿನ್ನೆ ಹನ್ನೊಂದು. ಇವತ್ತೂ ಹನ್ನೊಂದು.

ಕುಂಬಳಕಾಯಿ ಕಳ್ಳ ಎಂದರೆ
ಹೆಗಲು ಮುಟ್ಟಿಕೊಳ್ಳುವ ಜಾತಿ ನನ್ನದು;
ಕದಿಯದಿದ್ದರೂ ಮೀಸೆ ಒರೆಸಿಕೊಂಡೆ.

ಹೌದು, ನಾನು ರೊಟ್ಟಿಯವನು.
ಕುತೈಸಿಯ ಬಿಳಿ ಸೇತುವೆಯಾಚೆ,
ರಿಯೋನಿ ನದಿ ಕಲ್ಲುಗಳ ಜೊತೆ ಜಗಳಕ್ಕಿಳಿಯುವಲ್ಲಿ
ಮೂವತ್ತು ವರ್ಷ ಬಾವಿಯಂಥ ಒಲೆಯೊಳಕ್ಕೆ
ಸೊಂಟದ ತನಕ ಬಗ್ಗಿ ಹಿಟ್ಟನ್ನು ಗೋಡೆಗೆ ಬಡಿದವನು.
ಹುಬ್ಬು ಸುಟ್ಟುಹೋಗಿ ಯಾವ ಕಾಲವಾಯಿತೋ.
ದೋಣಿಯಂಥ ರೊಟ್ಟಿ, ಎರಡೂ ತುದಿ ಚೂಪು;
ಆ ತುದಿಯನ್ನು ಮುರಿದು ಬಾಯಿಗೆ ಹಾಕದೆ
ಮನೆ ಮುಟ್ಟಿದ ಗಿರಾಕಿಯನ್ನು ನಾನು ಕಂಡಿಲ್ಲ.
ಅಂಥವನು ರಾತ್ರಿ ಎಲೆಕೋಸು, ಒಂದು ಮೊಟ್ಟೆ
ತಿಂದು ಮಲಗಿದೆ ಎಂದರೆ ಯಾರು ನಂಬುತ್ತಾರೆ?

ಮಲಗುವಾಗ ನೂರ ಇಪ್ಪತ್ತು. ಎದ್ದಾಗ ನೂರ ಎಂಬತ್ತು.
ಬಾಗಿಲು ಹಾಕಿದ ಅಂಗಡಿಯಲ್ಲಿ ಗಲ್ಲಾ ತುಂಬುವುದುಂಟೆ?

ಡಾಕ್ಟರ್ ಇಯಾ ಚಿಕ್ಕವಳು, ನನ್ನ ಮಗಳ ಓರಗೆ.
"ಬಾತೊನೋ ಜೂಂಬೆರ್, ಮೂರು ರಾತ್ರಿ,
ಮೂರು ಗಂಟೆಗೆ ಎದ್ದು ಚುಚ್ಚಿಕೊಳ್ಳಿ.
ಆಗ ತೀರಾ ಇಳಿದಿದ್ದರೆ ಒಂದು ಕಥೆ,
ಇಲ್ಲದಿದ್ದರೆ ಬೇರೆಯದೇ ಕಥೆ."

ಮೂರು ಗಂಟೆ. ಹೊರಗೆ ಹಿಮ, ಸದ್ದಿಲ್ಲ.
ಲಮಾರಾ ಫೋನಿನ ಬೆಳಕಲ್ಲಿ ನನ್ನ ಬೆರಳು ಹಿಡಿದಳು,
ಉಂಗುರ ತೊಡಿಸಿದ ದಿನ ಹಿಡಿದದ್ದಕ್ಕಿಂತ ಬಿಗಿಯಾಗಿ.
ನೂರ ಹದಿನಾಲ್ಕು.
ಆಮೇಲೆ ಇಬ್ಬರಿಗೂ ನಿದ್ದೆಯಿಲ್ಲ.
ಅವಳು ನನ್ನನ್ನು ಕಾದಳು, ನಾನೂ ನನ್ನನ್ನೇ ಕಾದೆ.
ನಾಲ್ಕು. ಐದು. ಒಂದು ಲೋಟ ನೀರು, ಅಷ್ಟೇ.
ಆರಕ್ಕೆ ನೂರ ಎಂಬತ್ತೊಂದು!
ಲಮಾರಾ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು:
"ಕಳ್ಳ ಒಳಗೇ ಇದ್ದಾನೆ ಕಣೋ!"

ಕಳ್ಳನಲ್ಲ, ಲಿವರ್, ಅಂದಳು ಇಯಾ.
ಬೆಳಕು ಹರಿಯುವ ಮುಂಚೆ ಮೈಯನ್ನು ಎಬ್ಬಿಸಲು
ಒಂದಷ್ಟು ಸಕ್ಕರೆ ಬಿಡುತ್ತದೆ, ಎಲ್ಲರಲ್ಲೂ.
ನಿಮ್ಮಲ್ಲಿ ಸಾಕು ಅನ್ನುವವರಿಲ್ಲ.

ಅದು ಯಾಕೆ ಏಳುತ್ತದೆಂದು ಅವಳಿಗೇನು ಗೊತ್ತು.
ತೊಂಬತ್ಮೂರರ ಚಳಿಗಾಲ. ಕರೆಂಟಿಲ್ಲ, ಗ್ಯಾಸಿಲ್ಲ.
ಬೆಳಗಿನ ಜಾವ ನಾಲ್ಕಕ್ಕೆ ರೊಟ್ಟಿಯ ಸಾಲು,
ಅಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ನಂಬರು:
ಇನ್ನೂರ ಹದಿನೇಳು.
ನನ್ನ ಸರದಿ ಬರುವಷ್ಟರಲ್ಲಿ ಕಿಟಕಿ ಮುಚ್ಚಿತು.
ಅಮ್ಮ ಖಾಲಿ ಚೀಲವನ್ನು ಮಡಚಿದಳು, ಮತ್ತೆ ಮಡಚಿದಳು,
ಮಡಚಲು ಇನ್ನೇನೂ ಉಳಿಯದಷ್ಟು.
ನಾನು ಒಲೆಯ ಕೆಲಸಕ್ಕೆ ಸೇರಿದ್ದು ಆ ವಾರವೇ.
ನನ್ನ ಲಿವರ್, ಪೆದ್ದು ಮುಂಡೇದು,
ಇನ್ನೂ ಅದೇ ಸಾಲಿನಲ್ಲಿ ನಿಂತಿದೆ.
ನಾಲ್ಕಾಯಿತೋ ಇಲ್ಲವೋ ಉಗ್ರಾಣದ ಬೀಗ ತೆಗೆದು
ಮೊಗೆದು ಮೊಗೆದು ಸುರಿಯುತ್ತದೆ:
ಜೂಂಬೆರ್ ಹಸಿದಿದ್ದಾನೆ, ಜೂಂಬೆರ್ ಹಸಿದಿದ್ದಾನೆ.

ಗುಳಿಗೆಯ ಹೊತ್ತನ್ನು ಇಯಾ ಬದಲಾಯಿಸಿದಳು.
ಊಟ ಏಳಕ್ಕೇ. ಉಂಡ ಮೇಲೆ ಸೇತುವೆ ಮೂರು ಸಲ ಆಚೀಚೆ,
ಲಮಾರಾ ಮುಂದೆ, ನಾನು ಹಿಂದೆ,
ನದಿಯ ಸದ್ದಿಗೆ ಮಾತು ಕೇಳದು, ಅದೂ ಒಂದು ಸುಖ.
ನೂರ ಅರವತ್ತು. ನೂರ ಐವತ್ತೆರಡು.
ಒಂದು ದಿನ ಕಾರಣವೇ ಇಲ್ಲದೆ ನೂರ ಎಪ್ಪತ್ತೊಂಬತ್ತು.
ನಿನ್ನೆ ನೂರ ಮೂವತ್ತೆಂಟು.

ಇವತ್ತು ನಾಲ್ಕಕ್ಕೆ ಎಚ್ಚರವಾಯಿತು.
ಬಲಪಕ್ಕೆಯ ಕೆಳಗೆ ಅಂಗೈಯಿಟ್ಟು ಅಂದೆ:
ಮಲಗು. ಒಲೆ ಹೊತ್ತಿಸಲು ಈಗ ಅಳಿಯನಿದ್ದಾನೆ.
ಕೇಳಿಸಿತೋ ಇಲ್ಲವೋ, ಆರಕ್ಕೆ ಗೊತ್ತಾಗುತ್ತದೆ.

ಅಲ್ಲಿಯವರೆಗೆ ಬಾಲ್ಕನಿಯಲ್ಲಿ ನಿಂತು ಎಣಿಸಿದೆ.
ಹತ್ತು.
ಲಮಾರಾಳ ತುಟಿಯಂಚಿನಲ್ಲಿ ಅಕ್ರೋಟಿನ ಚೂರು.
ಅವಳು ನಿದ್ದೆಯಲ್ಲಿದ್ದಾಳೆ. ನಾನು ಏನೂ ಅನ್ನಲಿಲ್ಲ.