ಬರೆಯದ ಸಾಲು

ಭತ್ತದ ಕಟಾವಿನ ಲೆಕ್ಕಕ್ಕೆಂದೇ ನನ್ನನ್ನು ಮಂಡ್ಯಕ್ಕೆ ಕರೆಸಿದ್ದು.
ಐದು ಮೀಟರ್ ಉದ್ದ, ಐದು ಮೀಟರ್ ಅಗಲ,
ನಾಲ್ಕು ಗೂಟ, ಒಂದು ಹಗ್ಗ, ಒಂದು ತಕ್ಕಡಿ,
ಮತ್ತೆ ಅಂಚು ಹರಿದ ಯಾದೃಚ್ಛಿಕ ಸಂಖ್ಯೆಗಳ ಪುಸ್ತಕ.

ಪಾಂಡವಪುರದ ಆಚೆ, ಮೋಟೇಗೌಡರ ಗದ್ದೆ.
"ನಾಲೆ ತಲೇಲಿ ತೆನೆ ಬಗ್ಗವೆ, ಅಲ್ಲಿ ಒಡೀರಿ ಗೂಟವ."
ಪುಸ್ತಕ ತೆರೆದೆ.
ಉದ್ದಕ್ಕೆ ಮೂವತ್ತೇಳು ಹೆಜ್ಜೆ, ಅಗಲಕ್ಕೆ ಹನ್ನೊಂದು.
ಗೂಟ ಬಿದ್ದದ್ದು ಕೊನೇ ಮಡಿಗೆ,
ನೀರು ಸರಿಯಾಗಿ ಹತ್ತದ ಕಡೆ, ಜೊಳ್ಳಿನ ನಡುವೆ.
ಅವರು ನೋಡಿದ ನೋಟ ಇನ್ನೂ ನೆನಪಿದೆ:
ಮದುವೆಗೆ ಕರೆದರೆ ನೇರ ಹಿತ್ತಲಿಗೆ ಹೋಗಿ
ಎಂಜಲೆಲೆ ಎಣಿಸುವವಳನ್ನು ನೋಡುವ ಹಾಗೆ.

ಆಮೇಲೆ ಬಂತು ಚಿರತೆ.
ಕಬ್ಬಿನೊಳಗೆ ಬಂತು,
ರಾತ್ರಿ ಪಂಪು ಹಾಕಲು ಹೋದವನ ಎದುರು ಬಂತು,
ಪತ್ರಿಕೆಯ ಮೂರನೇ ಪುಟಕ್ಕೆ ಬಂತು.
ಗದ್ದೆ ಎಣಿಸುವವಳು ಇದನ್ನೂ ಎಣಿಸಲಿ, ಎಂದಿತು ಕಚೇರಿ.

ನಲವತ್ತು ಕ್ಯಾಮೆರಾ, ನಲವತ್ತು ರಾತ್ರಿ.
ಬೆಳಿಗ್ಗೆ ಮಾಯಿಗಯ್ಯನ ಜೊತೆ ಕಾರ್ಡು ಬಿಚ್ಚಿ ನೋಡಿದರೆ
ಮುಂಗುಸಿ, ಹಂದಿ, ಬೀಡಿ ಹಚ್ಚುತ್ತಿರುವ ನೀರಗಂಟಿ,
ಲೆನ್ಸಿನ ಮುಂದೆ ಮೀಸೆ ತಿರುವಿದ ಯಾರದೋ ಮಗ.
ನಡುನಡುವೆ ಒಂದು ಚುಕ್ಕೆಮೈ.
ಎಡಪಕ್ಕೆ, ಬಲಪಕ್ಕೆ ಹೊಂದಿಸಿ ಹೊಂದಿಸಿ ಕಣ್ಣುರಿದು
ಒಟ್ಟು ಏಳು ಎಂದು ತೀರ್ಮಾನಿಸಿದೆವು.

ಒಂದೊಂದಕ್ಕೂ ಒಂದೊಂದು ಸಾಲು.
ಕಂಡ ರಾತ್ರಿಗೆ ಒಂದು, ಕಾಣದ ರಾತ್ರಿಗೆ ಸೊನ್ನೆ.
ಆರನೆಯದು ಒಮ್ಮೆ ಮಾತ್ರ ಕಂಡಿತ್ತು:
ಮೂವತ್ತೊಂಬತ್ತು ಸೊನ್ನೆಗಳ ಬಯಲಲ್ಲಿ
ಒಂಟಿ ಬೆದರುಗೊಂಬೆ.

ಪಟ್ಟಿ ಮುಗಿದ ಮೇಲೆ ನನ್ನ ಕೆಲಸ ಶುರು.
ನಲವತ್ತೂ ಸೊನ್ನೆಯಾದ ಸಾಲೊಂದಿರುತ್ತದೆ,
ಅದನ್ನು ಬರೆಯುವಂತಿಲ್ಲ.
ಅಂಥವು ಎಷ್ಟಿವೆಯೆಂದು
ಬರೆದ ಸಾಲುಗಳನ್ನೇ ಕೂರಿಸಿಕೊಂಡು ಕೇಳಬೇಕು.
ಅವು ಬಾಯಿ ಬಿಡುವುದು ನಿಧಾನ.

ತಾಲ್ಲೂಕು ಕಚೇರಿಯ ಸಭೆಯಲ್ಲಿ ಹೇಳಿದೆ:
ಸುಮಾರು ಹನ್ನೊಂದು. ಎಂಟಕ್ಕಿಂತ ಕಡಿಮೆ ಇರಲಾರದು,
ಹದಿನೆಂಟನ್ನು ದಾಟಲಾರದು.
"ಸುಮಾರು ಅಂದ್ರೆ? ಬೋನು ಎಷ್ಟು ತರಿಸಲಿ?" ಸಾಹೇಬರು.
ಹಿಂದಿನ ಬೆಂಚಿಂದ ಯಾರೋ:
"ಕಂಡಿರದು ಏಳು, ಏಳ್ತಿರದು ಅನ್ನೊಂದು.
ಮಿಕ್ಕ ನಾಕು ಮೇಡಮ್ಮೋರ ಬ್ಯಾಗ್ನಲ್ಲಿ ಅವಾ?"
ನಗು. ನಾನೂ ನಕ್ಕೆ. ಟೀ ಬಂತು.
ನಡಾವಳಿಯಲ್ಲಿ "ಏಳು" ಎಂದು ಬರೆದುಕೊಂಡರು.

ಜನವರಿ. ಮೋಟೇಗೌಡರ ಕಬ್ಬು ಕಡಿಯುವಾಗ
ಚಿಕ್ಕತಾಯಮ್ಮನ ಕತ್ತಿ ಎತ್ತಿದಲ್ಲೇ ನಿಂತಿತು.
ಸೋಗೆಯ ಮೇಲೆ ಎರಡು ಮರಿ, ಕಣ್ಣಲ್ಲಿನ್ನೂ ನೀಲಿ.
"ಮುಟ್ಬ್ಯಾಡ್ರಿ ಕನ್ರಲಾ, ಅವ್ವ ಬತ್ತಳೆ."
ಕೂಲಿಯವರೆಲ್ಲ ಹಿಂದೆ ಸರಿದರು.
ಎರಡು ಗುಂಟೆ ಕಬ್ಬು ಹಾಗೇ ಉಳಿಯಿತು, ಒಂದು ಕ್ಯಾಮೆರಾ ಕಟ್ಟಿದೆವು.

ರಾತ್ರಿ ಎರಡು ಹದಿನಾಲ್ಕು.
ಬಂದಳು. ಒಂದನ್ನು ಕಚ್ಚಿಕೊಂಡು ಹೋದಳು.
ಎರಡು ಐವತ್ತೊಂದಕ್ಕೆ ಮತ್ತೆ ಬಂದಳು.

ಬೆಳಿಗ್ಗೆ ಜೀಪಿನ ಬಾನೆಟ್ಟಿನ ಮೇಲೆ ಏಳೂ ಚಿತ್ರ ಹರಡಿದೆವು.
ಹೆಗಲ ಮೇಲೆ ಒಡೆದ ಬಳೆಯಂಥ ಚುಕ್ಕೆ,
ಯಾವುದಕ್ಕೂ ಕೂಡಲಿಲ್ಲ.
ಮಾಯಿಗಯ್ಯ ಬಹಳ ಹೊತ್ತು ನೆಲ ನೋಡಿ ಹೇಳಿದ:
"ನಾವು ಕಟ್ಟಿದ್ದು ಬದೀನ್ ಮ್ಯಾಲೆ.
ಇವ್ಳು ಓಡಾಡದು ಒಣ್ಗಿದ್ ಕಾಲ್ವೆ ಒಳ್ಗೆ."

ಹಿಗ್ಗಬೇಡ, ಎಂದುಕೊಂಡೆ.
ಒಂದು ಚಿರತೆ ಬಂದು ಸೂತ್ರವನ್ನು ಗೆಲ್ಲಿಸುವುದಿಲ್ಲ.
ಸಮೀಕ್ಷೆ ಮುಗಿದಿದೆ, ಪಟ್ಟಿಗೆ ಅವಳನ್ನು ಸೇರಿಸುವಂತೆಯೂ ಇಲ್ಲ.
ಆದರೂ ಮನೆಗೆ ಬಂದು, ಕೈಕಾಲು ತೊಳೆಯದೆ,
ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ
ನಲವತ್ತು ಸೊನ್ನೆ ಬರೆದೆ. ಗುಂಡಗೆ, ಒಂದೊಂದಾಗಿ.

ವಾರದ ಮೇಲೆ ಮೋಟೇಗೌಡರ ಫೋನು:
ಆ ಎರಡು ಗುಂಟೆ ಸುಮ್ಮನೆ ಒಣಗುತ್ತಿದೆ,
ಪರಿಹಾರ ಕೊಡುವವರು ತೂಕ ಕೇಳುತ್ತಾರೆ, ಬಂದು ಹೇಳಿ.
ಹಗ್ಗ ಹಿಡಿದು ಹೋದೆ. ಪುಸ್ತಕ ತೆರೆದೆ.
ಆರು ಹೆಜ್ಜೆ, ನಾಲ್ಕು ಹೆಜ್ಜೆ:
ಮರಿಗಳು ಮಲಗಿದ್ದ, ಸೋಗೆ ಒತ್ತಿ ತಗ್ಗಾದ,
ಕಬ್ಬು ಮುರಿದು ವಾಲಿದ ಜಾಗಕ್ಕೇ ಬಿತ್ತು ಗೂಟ.

ಆಚೆ ಸರಿಸುವಂತಿಲ್ಲ.
ತೂಕ ಕಡಿಮೆ ಬಂತು. ಬಂದಷ್ಟೇ ಬರೆದೆ.
ಮೋಟೇಗೌಡರು ನೋಡಿದರು,
ಅದೇ ನೋಟ.