ಒಂದರಿಂದ ನಾಕರ ತನಕ

ಇಂಜಿನ್ ಜಾಮ್ ಆದದ್ದು ಪರ್ವರಿ ಏರಿನೊಳಗ.
ಹಿಂದ ಕುಂತಿದ್ದ ಮಾಸ್ತರಬಾಯಿ ಇಳದು
ಪೂರಾ ರೊಕ್ಕ ಕೊಟ್ಟಳು, ಅರ್ಧ ದಾರಿಗೆ.
ಮೇಸ್ತ್ರಿ ಗಾಡಿ ಬಿಚ್ಚಿ, ಕೈ ವರಸಿಕೋತ,
ಹದಿನೆಂಟು ಸಾವಿರ ಅಂದ,
ಯಾರೋ ಸತ್ತ ಸುದ್ದಿ ಹೇಳಿದಂಗ.

ಮಾಪ್ಸಾ ಸ್ಟ್ಯಾಂಡಿನಾಗ
ಹಳದಿ ಮಡ್ಗಾರ್ಡಿನ ಹನ್ನೊಂದು ಗಾಡಿ.
ಹನ್ನೆರಡನೇದರ ಜಾಗಾದಾಗ ನಾನು, ಬರಿಗೈ,
ಬಗಲಾಗ ಮಗಳು, ಅಕಿ ಪಾಟಿಚೀಲ.
ಅವರವ್ವ ಹೋದಾಗಿನಿಂದ
ಸಾಲಿ ಬಿಟ್ಟ ಮ್ಯಾಲೆ ಅಕಿಗೆ ಮನಿ ಅಂದ್ರ ಇದೇ ಬೆಂಚು.

ಯಾರೂ ಪಟ್ಟಿ ಎತ್ತಲಿಲ್ಲ, ಟೊಪಿಗಿ ಹಿಡೀಲಿಲ್ಲ.
ದಾನ ಅನ್ನೋ ಮಾತೇ ಬರಲಿಲ್ಲ;
ಆ ಹೆಸರಿನಕಿ ಅಲ್ಲೇ ಕುಂತು ಮಗ್ಗಿ ಬರೀತಿದ್ದಳು,
ದಾನಮ್ಮ.
ಇನಾಸ್ ಆಕಳಿಸಿ, ಚಾವಿ ನನ್ನ ತೊಡಿ ಮ್ಯಾಲೆ ಒಗದು,
"ನಾ ಮಲಗಾಂವ, ನಾಕಕ್ಕ ಎಬ್ಬಸು" ಅಂದ.

ಮರುದಿನ ಪುಂಡಲೀಕ. ಆಮ್ಯಾಲೆ ಮೌಲಾಲಿ.
ಊರು ಅಂಗಡಿ ಬಾಗಲಾ ಎಳದು, ಮೀನು ಉಂಡು,
ಅಡ್ಡಾದ ಹೊತ್ತು ನಂದು.
ಪಾಳಿ ಮುಗಿಸಿದ ನರ್ಸು, ಬಸ್ಸು ತಪ್ಪಿದಾಂವ,
ದವಾಖಾನಿಗೆ ಬುತ್ತಿ ಒಯ್ಯೋ ಮುದುಕಿ.
ನಿದ್ದಿ ಇಲ್ಲದವರೂ ಭಾಳ ಮಂದಿ ಇರ್ತಾರ ಊರಾಗ.

ಒಂದೊಂದು ಹೆಲ್ಮೆಟ್ಟಿಗೆ ಒಂದೊಂದು ವಾಸನಿ:
ಇನಾಸಂದು ಬೀಡಿ, ಖೊಬ್ಬರಿ ಎಣ್ಣಿ.
ಮೌಲಾಲಿದು ಅತ್ತರು.
ಪುಂಡಲೀಕಂದು ನನಗ ಸಣ್ಣದು, ಕಿವಿ ಮಡಚತಿತ್ತು.
ಬ್ಯಾರೆಯವರ ತಲಿಯೊಳಗ ಹೊಕ್ಕು
ಮೂರು ತಿಂಗಳ ಊರು ನೋಡಿದೆ.

ರೊಸಾರಿಯೊ ಕೊಡಲಿಲ್ಲ. ಅವನ ಗಾಡಿ ಹೊಸಾದು.
ಅವನ ಕಣ್ಣು ತಪ್ಪಿಸಿ ಕುಂದ್ರೋದು ರೂಢಿ ಆತು ನನಗ.
ಮಗಳಿಗೆ ದಿನಾ ಬಿಸಿ ಪಾವ್ ತರಾಂವ ಮಾತ್ರ ಅವನ.

ಪೆಟ್ರೋಲ್ ನಾನೇ ಹಾಕಸ್ತಿದ್ದೆ, ಹಟ ಹಿಡದು.
ಮತ್ತ ಚಾವಿ ತಿರುವಿದಾಗೊಮ್ಮೆ
ಮುಳ್ಳು ನಾ ಬಿಟ್ಟದ್ದಕ್ಕಿಂತ ಒಂದು ಗೆರಿ ಮ್ಯಾಲೆ.
ಕೇಳಿದ್ರ,
"ಹಳೇ ಗಾಡಿ, ಮುಳ್ಳು ಸುಳ್ಳು ಹೇಳತದ" ಅಂತಿದ್ರು
ಹನ್ನೊಂದು ಮಂದಿನೂ ಒಂದೇ ಮಾರಿ ಮಾಡಿ.
ಹನ್ನೊಂದು ಅಂದೆನಾ?
ಹೌದು, ರೊಸಾರಿಯೊನೂ.

ನನ್ನ ಗಾಡಿ ಬಂತು.
ನನ್ನ ಹೆಲ್ಮೆಟ್ ಹಾಕೊಂಡ್ರ
ಯಾರದೋ ತಲಿ ಅನಸ್ತು, ಒಂದು ವಾರ.
ಬ್ರೇಕೂ ಪರಕಿ.
ಒಂದು ಗಂಟೆ ಹೊಡೀತು. ಶಟರು ಇಳದವು.
ಎಷ್ಟೋ ದಿನದ ಮ್ಯಾಲೆ ಬೆಂಚಿನ ತುದಿಗೆ ನಾನೂ ಅಡ್ಡಾದೆ.
ಕಣ್ಣು ಹತ್ತೂದ್ರಾಗ ದಾನಮ್ಮ
ನನ್ನ ಕಿಸೆದಾಗಿನ ಚಾವಿ ತಗದು ಕೇಳಿದಳು:
"ಅಪ್ಪಾ, ಇದನ್ನ
ಯಾರ ತೊಡಿ ಮ್ಯಾಲೆ ಒಗೀಲಿ?"