ಒಂದೇ ಚೀಲ

ಬುಯಾದಲ್ಲಿ ನೆಟ್ ಸತ್ತ ಮೂರನೇ ವಾರ
ನನ್ನ ವ್ಯಾನಿಗೆ ಹೊಸ ಸರಕು ಬಂತು.
ಎನಾಂಗಾ, ಮೊಬೈಲ್ ದುಡ್ಡಿನ ಗೂಡಂಗಡಿಯವಳು,
ಅಕ್ಕಿಯ ಖಾಲಿ ಚೀಲದಲ್ಲಿ ಫೋನು ತುಂಬಿ ಕೊಟ್ಟಳು.
"ಎಫಾಂಗೆ, ಮುಂಗೋ ಹೊಳೆ ದಾಟಿದ ಮೇಲೆ
ಹತ್ತು ನಿಮಿಷ ಸುಮ್ಮನೆ ನಿಲ್ಲು.
ಹೋಗಬೇಕಾದ್ದು ತಾನೇ ಹೋಗುತ್ತೆ, ಬರಬೇಕಾದ್ದು ಬರುತ್ತೆ.
ಓದಬೇಡ."

ಓದೋದಕ್ಕೆ ನಾನೇನು ಸರ್ಕಾರವೇ?

ಒಂದೊಂದಕ್ಕೂ ರಬ್ಬರ್ ಬ್ಯಾಂಡು, ಒಂದೊಂದು ಹೆಸರು.
ಗಾಜು ಸೀಳಿದ್ದು ಹೊಲಿಗೆಯ ಲಿಯೆಂಗುವಿನದು,
ಹಗ್ಗ ಕಟ್ಟಿದ್ದು ಪರೀಕ್ಷೆ ಫೀಜು ಕಟ್ಟಬೇಕಾದ ಮೊಕುಬೆಯದು,
ಹೊಳೆಯುವ ದೊಡ್ಡದು ಮರದ ವ್ಯಾಪಾರಿಯದು.

ಟಿಕೋ ದಾಟಿ, ಬಾಳೆತೋಟ ದಾಟಿ,
ಸೇತುವೆಯ ನಡುವೆ,
ನಮ್ಮ ದಡ ಇನ್ನೂ ಕನ್ನಡಿಯಲ್ಲಿರುವಾಗಲೇ
ಚೀಲ ನಡುಗಿತು.
ಮೊದಲು ಒಂದು, ಆಮೇಲೆ ಏಳೆಂಟು, ಆಮೇಲೆ ಒಟ್ಟಿಗೇ,
ಗೋಣಿಯಲ್ಲಿ ಕಟ್ಟಿಹಾಕಿದ ಕೋಳಿಗಳಿಗೆ
ಬೆಳಗಾಯಿತೆಂದು ಗೊತ್ತಾದ ಹಾಗೆ.
ಹಿಂದಿನ ಸೀಟಿನ ಅಜ್ಜಿ ಶಿಲುಬೆ ಮುಟ್ಟಿಕೊಂಡಳು.

ಐದನೇ ಸಲಕ್ಕೆ ಗೇಟಿನ ಪೇದೆ ಚೀಲ ಬಿಚ್ಚಿಸಿದ.
ಸ್ಟೂಲಿನ ಮೇಲೆ ಕೂತು ಎರಡು ಗುಡ್ಡೆ ಮಾಡಿದ,
ಹಣ್ಣು ಬೇರೆ, ಕಾಯಿ ಬೇರೆ ಮಾಡುವವರಂತೆ.
"ದೊಡ್ಡವು ಈಗ ಹೋಗಲಿ, ತಲೆಗೆ ಐನೂರು ಫ್ರಾಂಕು.
ಒಡಕಲುಗಳು ಸಂಜೆ.
ಚಿತ್ರ ಇದ್ದರೆ ಬೇರೆ ದರ.
ಬೈಗುಳ ಇದ್ದರೆ ಇಲ್ಲೇ ಬಿಡು."

ನೋಡಿ, ನಾನು ಮೂವತ್ತು ವರ್ಷ ಓಡಿಸಿದವನು.
ಟೊಮೇಟೊ ಹತ್ತಿಸಿದ್ದೇನೆ, ಹೆಣ ಹತ್ತಿಸಿದ್ದೇನೆ,
ಮದುಮಗಳನ್ನೂ ಅವಳ ಹಾಸಿಗೆಯನ್ನೂ ಒಟ್ಟಿಗೆ.
ಸೀಟಿಗೆ ಇಷ್ಟು ಅಂತ ದರ.
ದಾರಿಯಲ್ಲಿ ಏನು ಮಾತಾಡುತ್ತೀರಿ ಅಂತ
ಹತ್ತಿಸಿಕೊಳ್ಳುವ ಮುಂಚೆ ಯಾರನ್ನೂ ಕೇಳಿಲ್ಲ.

"ಒಂದೇ ಚೀಲ ಸಾರ್. ಹೋದರೆ ಎಲ್ಲ ಹೋಗುತ್ತೆ."

ಅವತ್ತು ಯಾವುದೂ ಹೋಗಲಿಲ್ಲ.

ಮರದ ವ್ಯಾಪಾರಿ ಸ್ಟ್ಯಾಂಡಿನಲ್ಲೇ ಉಗಿದ:
"ನಾನು ದುಡ್ಡು ಕೊಡುತ್ತಿದ್ದೆನಲ್ಲೋ ಮುಠ್ಠಾಳ!"
ತಪ್ಪೇನಲ್ಲ, ಅವನ ಸರಕು ಬಂದರಿನಲ್ಲಿ ಕೊಳೆಯುತ್ತಿತ್ತು.
ಎನಾಂಗಾ ಏನೂ ಅನ್ನಲಿಲ್ಲ.
ಫೋನುಗಳನ್ನು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.
ರಾತ್ರಿಯಿಡೀ ನನಗೆ ನಿದ್ದೆಯಿಲ್ಲ;
ಮೊಕುಬೆಯ ಫೀಜಿಗೆ ಕಡೆಯ ದಿನ ಅಂದೇ ಎಂದು
ಆಮೇಲೆ ತಿಳಿಯಿತು.

ಬೆಳಗ್ಗೆ ಚೀಲ ಖಾಲಿ.
ಫೋನು ಹಿಡಿದವರೇ ಬಂದು ಕೂತಿದ್ದರು,
ವ್ಯಾನಿನ ಒಳಗೆ, ಮೇಲೆ, ಏಣಿಯಲ್ಲಿ,
ಹಿಂದಿನ ಮೂರು ವ್ಯಾನುಗಳಲ್ಲಿ.
ಮೊಕುಬೆಯೂ ಇದ್ದ, ಯಾಕೆಂದು ನಾನು ಕೇಳಲಿಲ್ಲ.
ಪೇದೆ ಸ್ಟೂಲಿನಿಂದ ಎದ್ದು ನಿಂತ,
ಯಾವ ಗುಡ್ಡೆಗೆ ಯಾರನ್ನು ಹಾಕುವುದೆಂದು ತೋಚದೆ
ಬಿಸಿಲಿಗೆ ಕಣ್ಣು ಕಿರಿದು ಮಾಡಿ
ಕೈ ಬೀಸಿದ: ಹೋಗಿ, ಹೋಗಿ.

ಮೂರು ತಿಂಗಳಾದ ಮೇಲೆ ನೆಟ್ ಬಂತು.
ಉಡುಗೊರೆ ಅಂದರು ರೇಡಿಯೋದಲ್ಲಿ ಯಾರೋ.
ಕಿತ್ತುಕೊಂಡ ಕೈಯೇ ಕೊಟ್ಟರೆ
ಅದಕ್ಕೆ ಆ ಹೆಸರಂತೆ.

ಸೇತುವೆಯ ನಡುವೆ ಇವತ್ತಿಗೂ
ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ.
ಚೀಲ ಸೀಟಿನ ಕೆಳಗಿದೆ. ಒಗೆದು ಮಡಿಸಿಟ್ಟಿದ್ದೇನೆ.
ಹರಿದ ಕಡೆ ಲಿಯೆಂಗು ಹೊಲಿದುಕೊಟ್ಟಳು,
ದುಡ್ಡು ತೆಗೆದುಕೊಳ್ಳಲಿಲ್ಲ.